ಬಸಿರು ಮತ್ತೆ ಮತ್ತೆ ನಿಲ್ಲದಿದ್ದರೆ: ಸರಕಾರಿ ಆಸ್ಪತ್ರೆಯೋ, ಖಾಸಗಿ ಆಸ್ಪತ್ರೆಯೋ?

ವಾಡಿಯಿಂದ ಸಿಕಂದರಾಬಾದಿಗೆ ಹೋಗುವ ರೈಲುದಾರಿಯಲ್ಲಿ ಚಿತ್ತಾಪುರ, ಮಳಖೇಡ, ಸೇಡಂ ನಿಲ್ದಾಣಗಳನ್ನು ದಾಟಿದ ಮೇಲೆ ಕುರಕುಂಟಾ ಬರುತ್ತದೆ. ಹಾಸುಗಲ್ಲಿನ ಗಣಿಗಳು, ತೊಗರಿಯ ಹೊಲಗಳು, ಹಿಂದೆ ಭಾರತೀಯ ಸಿಮೆಂಟ್ ನಿಗಮದ ಕಾರ್ಖಾನೆ ನಡೆಯುತ್ತಿದ್ದ ನೆಲ, ಇವು ಆ ಊರಿನ ಗುರುತುಗಳು. ಅಲ್ಲಿಂದ ಪಶ್ಚಿಮಕ್ಕೆ ಹೊರಟರೆ ಸೇಡಂ, ಅದರಾಚೆ ಕಲಬುರಗಿ. ಪೂರ್ವಕ್ಕೆ ಹೊರಟರೆ ತಾಂಡೂರು, ಅದರಾಚೆ ಹೈದರಾಬಾದು. ಕಾಯಿಲೆ ದೊಡ್ಡದೆಂದು ತೋರಿದಾಗ ಈ ಭಾಗದ ಕುಟುಂಬಗಳು ಯಾವ ದಿಕ್ಕಿಗೆ ಹೋಗಬೇಕೆಂಬುದನ್ನೂ, ಸರಕಾರಿ ಆಸ್ಪತ್ರೆಗೋ ಖಾಸಗಿ ಆಸ್ಪತ್ರೆಗೋ ಎಂಬುದನ್ನೂ ಒಮ್ಮೆಲೆ ನಿಶ್ಚಯಿಸಬೇಕಾಗುತ್ತದೆ.

ಇಂಥ ಒಂದು ಮನೆಯನ್ನು ಊಹಿಸಿಕೊಳ್ಳೋಣ. ಮದುವೆಯಾದ ಆರು ವರ್ಷಗಳಲ್ಲಿ ಸೊಸೆ ಮೂರು ಸಲ ಬಸಿರಾಗಿದ್ದಾಳೆ. ಮೂರು ಸಲವೂ ಮೂರು ತಿಂಗಳು ತುಂಬುವ ಮೊದಲೆ ಬಸಿರು ಇಳಿದುಹೋಗಿದೆ. "ಈ ಸಲ ಎರಡು ಎಕರೆ ಹೋದರೂ ಹೋಗಲಿ, ಹೈದ್ರಾಬಾದಿಗೆ ಕರಕೊಂಡು ಹೋಗ್ರಿ" ಎನ್ನುತ್ತಾರೆ ಮಾವ. ಅತ್ತೆ ಹರಕೆ ಹೊರುತ್ತಾಳೆ. ನೆರೆಮನೆಯವರು ಹುಡುಗನಿಗೆ ಎರಡನೆಯ ಮದುವೆಯ ಮಾತೆತ್ತುತ್ತಾರೆ. ಸೊಸೆ ಮಾತ್ರ ತಾನು ಮಾಡಿದ ತಪ್ಪೇನೆಂದು ಒಬ್ಬಳೇ ಕುಳಿತು ಹುಡುಕುತ್ತಾಳೆ.

ಈ ಲೇಖಕನು ವೈದ್ಯನಲ್ಲ, ಭೌತಶಾಸ್ತ್ರದ ಉಪನ್ಯಾಸಕ. ಚಿಕಿತ್ಸೆಯನ್ನು ನಿರ್ಣಯಿಸತಕ್ಕವರು ವೈದ್ಯರೇ. ಆದರೆ ಎಣಿಸುವುದು, ಅಳೆಯುವುದು, ಹೋಲಿಸುವುದು, ಈ ಮೂರು ಕೆಲಸಗಳನ್ನು ಭೌತಶಾಸ್ತ್ರದ ಪ್ರತಿಯೊಬ್ಬ ವಿದ್ಯಾರ್ಥಿಯೂ ಕಲಿಯುತ್ತಾನೆ. ಮೇಲಿನ ಮನೆಯ ಪ್ರಶ್ನೆಗೆ ಉತ್ತರ ಹುಡುಕಲು ಇವೇ ಮೂರು ಕೆಲಸಗಳು ಬೇಕಾಗುತ್ತವೆ. ಇಂದು ಹೈಸ್ಕೂಲಿನಲ್ಲಿಯೂ ಕಾಲೇಜಿನಲ್ಲಿಯೂ ಓದುತ್ತಿರುವವರು ನಾಳೆ ತಮ್ಮ ಅಕ್ಕನ, ಅತ್ತಿಗೆಯ, ಇಲ್ಲವೆ ತಮ್ಮದೇ ಮನೆಯ ಇಂಥ ನಿರ್ಣಯದಲ್ಲಿ ಪಾಲುಗೊಳ್ಳಬೇಕಾದವರು. ಆದುದರಿಂದ ವಿಷಯವನ್ನು ಸಂಕೋಚವಿಲ್ಲದೆ ವಿಚಾರಿಸೋಣ.

ಗರ್ಭಸ್ರಾವ ಎಷ್ಟು ಸಾಮಾನ್ಯ?

ಶಿಶು ಹೊರಗೆ ಬದುಕಲಾರದಷ್ಟು ಎಳೆಯದಾಗಿರುವಾಗ ಬಸಿರು ತಾನಾಗಿ ಕೊನೆಗೊಳ್ಳುವುದಕ್ಕೆ ಗರ್ಭಸ್ರಾವವೆಂದು ಹೆಸರು. ಆಯುರ್ವೇದದ ಗ್ರಂಥಗಳು ನಾಲ್ಕನೆಯ ತಿಂಗಳವರೆಗಿನದನ್ನು ಸ್ರಾವವೆಂದೂ ಅನಂತರದ್ದನ್ನು ಪಾತವೆಂದೂ ಬೇರ್ಪಡಿಸುತ್ತವೆ. ಇಂದಿನ ವೈದ್ಯರು ನಮ್ಮ ದೇಶದಲ್ಲಿ ಸಾಮಾನ್ಯವಾಗಿ 20 ವಾರಗಳ ಗಡಿಯನ್ನು ಬಳಸುತ್ತಾರೆ. ಇದು ಮರುಕಳಿಸಿದರೆ ಅದಕ್ಕೆ ಕಾರಣ ಹುಡುಕಲು ತೊಡಗಬೇಕಾದುದು ಎರಡನೆಯ ಸಲದ ಅನಂತರವೋ ಮೂರನೆಯ ಸಲದ ಅನಂತರವೋ ಎಂಬುದರಲ್ಲಿ ಮತಭೇದವಿದೆ. ಯುರೋಪಿನ ತಜ್ಞರ ಸಂಘ ಎರಡು ಎನ್ನುತ್ತದೆ. ಬ್ರಿಟನ್ನಿನ ಸ್ತ್ರೀರೋಗ ತಜ್ಞರ ರಾಯಲ್ ಕಾಲೇಜು ಮೂರು ಎನ್ನುತ್ತದೆ.

2021ರಲ್ಲಿ 'ಲ್ಯಾನ್ಸೆಟ್' ವೈದ್ಯಪತ್ರಿಕೆ ಹಲವು ದೇಶಗಳ ಲೆಕ್ಕವನ್ನು ಒಟ್ಟುಗೂಡಿಸಿ ಪ್ರಕಟಿಸಿತು. ಅದರಂತೆ, ಗೊತ್ತಾದ ಬಸಿರುಗಳಲ್ಲಿ ನೂರಕ್ಕೆ ಸುಮಾರು 15 ಗರ್ಭಸ್ರಾವದಲ್ಲಿ ಮುಗಿಯುತ್ತವೆ. ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 2.3 ಕೋಟಿ. ಮೂರು ಅಥವಾ ಹೆಚ್ಚು ಸಲ ಈ ನಷ್ಟವನ್ನು ಕಂಡ ಹೆಂಗಸರು ನೂರಕ್ಕೆ 0.7ರಷ್ಟು. ತಾಯಿಯ ವಯಸ್ಸು ಇಲ್ಲಿ ಮುಖ್ಯ. ನಾರ್ವೆಯಲ್ಲಿ 2019ರಲ್ಲಿ ಪ್ರಕಟವಾದ ಲೆಕ್ಕದಂತೆ 25ರಿಂದ 29 ವರ್ಷದವರಲ್ಲಿ ಇದು ನೂರಕ್ಕೆ 10. 45 ದಾಟಿದವರಲ್ಲಿ ಅರ್ಧಕ್ಕಿಂತ ಹೆಚ್ಚು.

ಮೊದಲ ಮೂರು ತಿಂಗಳಲ್ಲಿ ಆಗುವ ಗರ್ಭಸ್ರಾವಗಳಲ್ಲಿ ಅರ್ಧದಷ್ಟಕ್ಕೆ ಕಾರಣ ವರ್ಣತಂತುಗಳ ಎಣಿಕೆಯಲ್ಲಿಯ ತಪ್ಪು. ಮನುಷ್ಯನ ಜೀವಕೋಶದಲ್ಲಿ 46 ವರ್ಣತಂತುಗಳಿರಬೇಕು. ಅಂಡವಾಗಲಿ ವೀರ್ಯಾಣುವಾಗಲಿ ರೂಪುಗೊಳ್ಳುವಾಗ ಹಂಚಿಕೆ ತಪ್ಪಿದರೆ ಭ್ರೂಣದಲ್ಲಿ ಒಂದು ಹೆಚ್ಚಾಗಬಹುದು, ಒಂದು ಕಡಿಮೆಯಾಗಬಹುದು. ಅಂಥ ಭ್ರೂಣ ಬಹುಮಟ್ಟಿಗೆ ಬೆಳೆಯಲಾರದು. ಈ ತಪ್ಪು ಬಸಿರು ನಿಲ್ಲುವ ಗಳಿಗೆಯಲ್ಲಿಯೇ ಆಗಿಹೋಗಿರುತ್ತದೆ. ಆಮೇಲೆ ನೀರಿನ ಕೊಡ ಹೊತ್ತುದರಿಂದಾಗಲಿ, ಪಪ್ಪಾಯಿ ತಿಂದುದರಿಂದಾಗಲಿ, ಗ್ರಹಣದ ದಿನ ಹೊರಗೆ ಬಂದುದರಿಂದಾಗಲಿ ವರ್ಣತಂತುಗಳ ಎಣಿಕೆ ಬದಲಾಗದು. ಮೂಲೆಯಲ್ಲಿ ಕುಳಿತು ತನ್ನ ತಪ್ಪನ್ನು ಹುಡುಕುತ್ತಿರುವ ಹೆಣ್ಣುಮಗಳಿಗೆ ಮನೆಯವರು ಮೊದಲು ತಿಳಿಸಬೇಕಾದ ಸಂಗತಿ ಇದು.

ದಾಳದ ಲೆಕ್ಕ

ಆರು ಮುಖಗಳ ದಾಳವನ್ನು ಉರುಳಿಸಿದಾಗ 'ಒಂದು' ಬೀಳುವ ಸಂಭವ ಆರರಲ್ಲಿ ಒಂದು, ಎಂದರೆ ನೂರಕ್ಕೆ 16.7. ಇದು ಗರ್ಭಸ್ರಾವದ ನೂರಕ್ಕೆ 15ಕ್ಕೆ ಬಹಳ ಹತ್ತಿರ. ಆದುದರಿಂದ ಪ್ರತಿಯೊಂದು ಬಸಿರನ್ನೂ ದಾಳದ ಒಂದು ಉರುಳಿಕೆಯೆಂದು ಭಾವಿಸಿ, 'ಒಂದು' ಬಿದ್ದರೆ ನಷ್ಟವೆಂದಿಟ್ಟುಕೊಳ್ಳೋಣ. ಮೂರು ಸಲ ಸಾಲಾಗಿ 'ಒಂದು' ಬೀಳುವ ಸಂಭವ 216ರಲ್ಲಿ ಒಂದು. ಎಂದರೆ 216 ಮನೆಗಳ ಓಣಿಯಲ್ಲಿ ಯಾರಿಗೂ ಯಾವ ದೋಷವೂ ಇಲ್ಲದಿದ್ದರೂ, ಒಂದು ಮನೆಯಲ್ಲಿ ಮೂರು ನಷ್ಟಗಳು ಕೇವಲ ಆಕಸ್ಮಿಕವಾಗಿ ಒದಗಬಹುದು.

ನೂರಕ್ಕೆ 15 ಎಂಬ ನಿಜವಾದ ಅಂಕಿಯಿಂದ ಲೆಕ್ಕ ಮಾಡಿದರೆ ಆಕಸ್ಮಿಕವಾಗಿ ಮೂರು ನಷ್ಟ ಕಾಣುವವರು ನೂರಕ್ಕೆ 0.34. ವಾಸ್ತವವಾಗಿ ಕಂಡುಬರುವವರು 0.7. ಇದು ಸ್ಥೂಲವಾದ ಲೆಕ್ಕ. ವಯಸ್ಸಿನ ಭೇದವನ್ನು ನಾವು ಬಿಟ್ಟಿದ್ದೇವೆ. ಆದರೂ ಇದರಿಂದ ಎರಡು ಸಂಗತಿಗಳು ಸ್ಪಷ್ಟವಾಗುತ್ತವೆ. ಮೂರು ನಷ್ಟ ಕಂಡವರಲ್ಲಿ ಗಣನೀಯ ಭಾಗದವರು ಬರಿಯ ಆಕಸ್ಮಿಕಕ್ಕೆ ತುತ್ತಾದವರು. ಅವರ ದಾಳ ನೆಟ್ಟಗಿದೆ. ಉಳಿದವರ ದಾಳ ಒಂದು ಬದಿಗೆ ತೂಗುತ್ತದೆ. ಅಲ್ಲಿ ಕಾರಣವಿದೆ, ಹುಡುಕಬೇಕು. ಮೇಲುನೋಟಕ್ಕೆ ಇಬ್ಬರೂ ಒಂದೇ ಬಗೆಯಾಗಿ ಕಾಣುತ್ತಾರೆ. ಇವರನ್ನು ಬೇರ್ಪಡಿಸುವುದೇ ಒಳ್ಳೆಯ ವೈದ್ಯದ ಕೆಲಸ.

ಒಂದು ತಪ್ಪು ಲೆಕ್ಕ, ಒಂದು ತಪ್ಪು ಮದ್ದು

1938ರಲ್ಲಿ ಇಂಗ್ಲೆಂಡಿನ ಮಾಲ್ಪಾಸ್ ಎಂಬ ವೈದ್ಯ ಕಾಗದದ ಮೇಲೆ ಒಂದು ಲೆಕ್ಕ ಹಾಕಿದ: ಮೂರು ಸಲ ಬಸಿರು ಇಳಿದವಳಿಗೆ ನಾಲ್ಕನೆಯ ಸಲವೂ ಇಳಿಯುವ ಸಂಭವ ನೂರಕ್ಕೆ 73. 1946ರಲ್ಲಿ ಅಮೆರಿಕದ ಈಸ್ಟ್‌ಮನ್ ಇದನ್ನು ನೂರಕ್ಕೆ 83ರವರೆಗೆ ಏರಿಸಿದ. ಇವು ಊಹೆಗಳ ಮೇಲೆ ಕಟ್ಟಿದ ಅಂಕಿಗಳು. ಆದರೂ ಅನೇಕ ವರ್ಷಗಳ ಕಾಲ ವೈದ್ಯರು ಇವನ್ನೇ ಅಳತೆಗೋಲಾಗಿ ಹಿಡಿದರು. ಹೊಸ ಔಷಧವೊಂದನ್ನು ಕೊಟ್ಟು, ನಾಲ್ಕರಲ್ಲಿ ಮೂವರು ಹೆತ್ತರೆ, "ನಾಲ್ಕರಲ್ಲಿ ಒಬ್ಬಳು ಹೆರಬೇಕಾಗಿದ್ದಲ್ಲಿ ಮೂವರು ಹೆತ್ತರು" ಎಂದು ಔಷಧಕ್ಕೆ ಕೀರ್ತಿ ಬರುತ್ತಿತ್ತು.

1964ರಲ್ಲಿ ವಾರ್ಬರ್ಟನ್ ಮತ್ತು ಫ್ರೇಸರ್ ಎಂಬ ಕೆನಡಾದ ವಿಜ್ಞಾನಿಗಳು ನಿಜವಾದ ಕುಟುಂಬಗಳ ವೃತ್ತಾಂತವನ್ನು ಎಣಿಸಿ ನೋಡಿದರು. ಹಿಂದೆ ನಷ್ಟ ಕಂಡವರಲ್ಲಿ ಅದು ಮರುಕಳಿಸುವ ಸಂಭವ ನೂರಕ್ಕೆ 25ರಿಂದ 30 ಎಂದು ಕಂಡುಬಂತು. ಈಚಿನ ನಾರ್ವೆಯ ಲೆಕ್ಕದಲ್ಲಿ ಮೂರು ನಷ್ಟಗಳ ಅನಂತರ ಇದು ನೂರಕ್ಕೆ 40ರ ಆಸುಪಾಸಿನಲ್ಲಿದೆ. ಹೇಗೆ ನೋಡಿದರೂ, ಏನನ್ನೂ ಕೊಡದಿದ್ದರೂ, ಹತ್ತರಲ್ಲಿ ಆರು ಏಳು ಮಂದಿಗೆ ಮುಂದಿನ ಬಸಿರು ನಿಲ್ಲುತ್ತದೆ. ಹಾಗಾದರೆ ಅವರಿಗೆ ತಾಯಿತ ಕಟ್ಟಿದವರಿಗೂ, ದುಬಾರಿ ಚುಚ್ಚುಮದ್ದು ಕೊಟ್ಟವರಿಗೂ, ಸುಮ್ಮನಿದ್ದವರಿಗೂ ಹತ್ತರಲ್ಲಿ ಆರು ಏಳು ಜಯಗಳು ದೊರೆಯುತ್ತವೆ. "ನಮ್ಮಲ್ಲಿಗೆ ಬಂದವರಲ್ಲಿ ನೂರಕ್ಕೆ 65 ಮಂದಿಗೆ ಮಕ್ಕಳಾಗಿವೆ" ಎಂಬ ಮಾತು ಸತ್ಯವಾಗಿರಬಹುದು; ಆದರೂ ಅದರಿಂದ ಚಿಕಿತ್ಸೆಯ ಗುಣ ಏನೂ ತಿಳಿಯದು. ಈ ಲೇಖನದಲ್ಲಿ ಮರೆಯದೆ ನೆನಪಿಡಬೇಕಾದ ಮಾತು ಇದೊಂದು.

ಇದನ್ನು ಮರೆತುದರ ಫಲವನ್ನು ಜಗತ್ತು ಅನುಭವಿಸಿದೆ. 1940ರ ದಶಕದಲ್ಲಿ ಬಾಸ್ಟನ್ ನಗರದ ಸ್ಮಿತ್ ದಂಪತಿಗಳು ಡೈಈಥೈಲ್‌ಸ್ಟಿಲ್ಬೆಸ್ಟ್ರಾಲ್ ಎಂಬ ಕೃತಕ ಹಾರ್ಮೋನು ಗರ್ಭಸ್ರಾವವನ್ನು ತಡೆಯುತ್ತದೆಂದು ಹೇಳಿದರು. ಲಕ್ಷಾಂತರ ಬಸುರಿಯರಿಗೆ ಅದನ್ನು ಕೊಡಲಾಯಿತು. 1953ರಲ್ಲಿ ಷಿಕಾಗೋದ ಡೀಕ್‌ಮನ್ ಮತ್ತು ಸಂಗಡಿಗರು ಸುಮಾರು 1,600 ಬಸುರಿಯರಲ್ಲಿ ಅರ್ಧದಷ್ಟು ಮಂದಿಗೆ ಔಷಧವನ್ನೂ ಉಳಿದವರಿಗೆ ಅದರಂತೆಯೇ ಕಾಣುವ ಬರಿಯ ಗುಳಿಗೆಯನ್ನೂ ಕೊಟ್ಟು ಹೋಲಿಸಿದರು. ಔಷಧದಿಂದ ಯಾವ ಉಪಯೋಗವೂ ಕಾಣಲಿಲ್ಲ. ಆದರೂ ಬಳಕೆ ನಿಲ್ಲಲಿಲ್ಲ. 1971ರಲ್ಲಿ, ಆ ಔಷಧ ತೆಗೆದುಕೊಂಡ ತಾಯಂದಿರ ಹೆಣ್ಣುಮಕ್ಕಳಲ್ಲಿ ಕೆಲವರಿಗೆ ಹರೆಯದಲ್ಲಿಯೇ ಯೋನಿಯ ಅಪರೂಪದ ಕ್ಯಾನ್ಸರ್ ಬಂದುದು ಪತ್ತೆಯಾದ ಮೇಲೆಯೇ ಅಮೆರಿಕದ ಸರಕಾರ ಬಸುರಿಯರಿಗೆ ಅದನ್ನು ಕೊಡಕೂಡದೆಂದು ಎಚ್ಚರಿಸಿತು.

ಉಪಯುಕ್ತ ಪರೀಕ್ಷೆಗಳು

ಅಳತೆಯ ಫಲದಿಂದ ಮುಂದಿನ ಕೆಲಸ ಬದಲಾಗುವುದಾದರೆ ಮಾತ್ರ ಆ ಅಳತೆ ಸಾರ್ಥಕ. ಈ ನಿಯಮವನ್ನು ಹಿಡಿದರೆ ಉಪಯುಕ್ತ ಪರೀಕ್ಷೆಗಳ ಪಟ್ಟಿ ಚಿಕ್ಕದಾಗುತ್ತದೆ.

ಮೊದಲನೆಯದು, ಆಂಟಿಫಾಸ್ಫೊಲಿಪಿಡ್ ಪ್ರತಿಕಾಯಗಳ ರಕ್ತಪರೀಕ್ಷೆ. ದೇಹವು ತನ್ನ ವಿರುದ್ಧವೇ ತಯಾರಿಸುವ ಈ ಪದಾರ್ಥಗಳು ರಕ್ತ ಹೆಪ್ಪುಗಟ್ಟುವಂತೆ ಮಾಡಿ ಮಾಸು ಬೆಳೆಯುವುದನ್ನು ಕೆಡಿಸುತ್ತವೆ. ಇಲ್ಲಿ ಚಿಕಿತ್ಸೆಯಿದೆ. 1997ರಲ್ಲಿ ಲಂಡನ್ನಿನಲ್ಲಿ ಇಂಥ 90 ಹೆಂಗಸರನ್ನು ಹೋಲಿಸಿದಾಗ, ಆಸ್ಪಿರಿನ್ ಮಾತ್ರ ಪಡೆದವರಲ್ಲಿ ನೂರಕ್ಕೆ 42 ಮಂದಿಯೂ, ಆಸ್ಪಿರಿನ್ ಜೊತೆಗೆ ಹೆಪರಿನ್ ಪಡೆದವರಲ್ಲಿ 71 ಮಂದಿಯೂ ಜೀವಂತ ಶಿಶುವನ್ನು ಹೆತ್ತರು. ಆದರೆ ಪರೀಕ್ಷೆಯನ್ನು ಒಮ್ಮೆ ಮಾಡಿದರೆ ಸಾಲದು. ಜ್ವರ ಮುಂತಾದವುಗಳಿಂದಲೂ ಪ್ರತಿಕಾಯಗಳು ತಾತ್ಕಾಲಿಕವಾಗಿ ಕಾಣಿಸಿಕೊಳ್ಳುವುದುಂಟು. ಆದುದರಿಂದ 12 ವಾರಗಳ ಅನಂತರ ಮತ್ತೊಮ್ಮೆ ನೋಡಿ ಎರಡು ಸಲವೂ ಕಂಡರೆ ಮಾತ್ರ ರೋಗವೆನ್ನಬೇಕು. ಇದರ ಒಂದು ಭಾಗವಾದ 'ಲೂಪಸ್' ಪರೀಕ್ಷೆಗೆ ರಕ್ತವನ್ನು ಕೆಲವೇ ಗಂಟೆಗಳಲ್ಲಿ ಯಂತ್ರದಲ್ಲಿ ತಿರುಗಿಸಿ ದ್ರವಭಾಗವನ್ನು ಬೇರ್ಪಡಿಸಬೇಕು. ಬಿಸಿಲಿನಲ್ಲಿ ಬಸ್ಸಿನ ಮೇಲೆ ಅರ್ಧ ದಿನ ಪಯಣಿಸಿದ ರಕ್ತದ ಫಲವನ್ನು ನಂಬಲಾಗದು.

ಎರಡನೆಯದು, ಗರ್ಭಾಶಯದ ಆಕಾರವನ್ನು ತೋರಿಸುವ ಸ್ಕ್ಯಾನಿಂಗ್. ಒಳಗೆ ಗೋಡೆಯಿದ್ದರೆ ಅದನ್ನು ತೆಗೆಯುವ ಶಸ್ತ್ರಕ್ರಿಯೆ ಇದೆ. ಅದರ ಫಲದ ವಿಷಯದಲ್ಲಿ ತಜ್ಞರಲ್ಲಿ ಇನ್ನೂ ಚರ್ಚೆ ನಡೆದಿದೆ. ಮೂರನೆಯದು, ಥೈರಾಯ್ಡ್ ಮತ್ತು ಸಕ್ಕರೆಯ ರಕ್ತಪರೀಕ್ಷೆ. ಇವು ಅಗ್ಗ, ಚಿಕಿತ್ಸೆಯೂ ಸುಲಭ. ನಾಲ್ಕನೆಯದು, ಇಳಿದುಹೋದ ಭ್ರೂಣದ ಅಂಶದಲ್ಲಿ ವರ್ಣತಂತುಗಳ ಪರೀಕ್ಷೆ. ಅಲ್ಲಿ ಸಂಶಯ ಕಂಡರೆ ಗಂಡಹೆಂಡಿರಿಬ್ಬರದೂ. ಈ ಅಂಶವನ್ನು ಶುದ್ಧವಾದ ಲವಣದ್ರಾವಣದಲ್ಲಿ ಇಡಬೇಕು. ಅಭ್ಯಾಸಬಲದಿಂದ ಫಾರ್ಮಲಿನ್ನಿನಲ್ಲಿ ಹಾಕಿದರೆ ಜೀವಕೋಶಗಳು ಸತ್ತು, ಬೆಳೆಸಿ ನೋಡುವ ಪರೀಕ್ಷೆ ಅಸಾಧ್ಯವಾಗುತ್ತದೆ.

ಇನ್ನು ಬೇಡವಾದವು. 'ಟಾರ್ಚ್' ಎಂಬ ಸೋಂಕುಗಳ ಪರೀಕ್ಷೆಯನ್ನು ನಮ್ಮ ದೇಶದಲ್ಲಿ ಇಂದಿಗೂ ಧಾರಾಳವಾಗಿ ಬರೆಯುತ್ತಾರೆ. ಎಂದೋ ಬಂದುಹೋದ ಸೋಂಕಿನ ಪ್ರತಿಕಾಯಗಳು ಜೀವಮಾನವೆಲ್ಲ ರಕ್ತದಲ್ಲಿ ಉಳಿಯುತ್ತವೆ. ಅವು ಬಸಿರನ್ನು ಮೇಲಿಂದ ಮೇಲೆ ಕೆಡಿಸುವ ಕಾರಣವಲ್ಲ. ಮರುಕಳಿಸುವ ಗರ್ಭಸ್ರಾವಕ್ಕೆ ಈ ಪರೀಕ್ಷೆಯನ್ನು ಯುರೋಪಿನ ತಜ್ಞರು ಶಿಫಾರಸು ಮಾಡುವುದಿಲ್ಲ. ಗಂಡನ ಬಿಳಿಯ ರಕ್ತಕಣಗಳನ್ನು ಹೆಂಡತಿಗೆ ಚುಚ್ಚುವ ಚಿಕಿತ್ಸೆಯನ್ನು 1999ರಲ್ಲಿ ಹೋಲಿಸಿ ನೋಡಿದಾಗ, ಪಡೆದವರಲ್ಲಿ ನೂರಕ್ಕೆ 36, ಪಡೆಯದವರಲ್ಲಿ 48 ಮಂದಿ ಯಶಸ್ವಿಯಾದರು. ಹುಟ್ಟಿನಿಂದ ರಕ್ತ ಹೆಪ್ಪುಗಟ್ಟುವ ಗುಣವುಳ್ಳವರಿಗೆ ಹೆಪರಿನ್ ಕೊಟ್ಟ 2023ರ ಪ್ರಯೋಗದಲ್ಲಿ ಎರಡು ಗುಂಪುಗಳೂ ಸರಿಸಮನಾದವು.

ಪ್ರೊಜೆಸ್ಟೆರೋನ್ ಔಷಧದ ಕಥೆ ನಡುವಿನದು. ಕಾರಣ ತಿಳಿಯದ 836 ಹೆಂಗಸರ 2015ರ ಪ್ರಯೋಗದಲ್ಲಿ ಅದನ್ನು ಪಡೆದವರು ನೂರಕ್ಕೆ 66, ಪಡೆಯದವರು 63. ಇದು ಗಣನೆಗೆ ಬಾರದ ಭೇದ. ಆದರೆ 2019ರ ದೊಡ್ಡ ಪ್ರಯೋಗದಲ್ಲಿ, ಹಿಂದೆ ಮೂರು ಅಥವಾ ಹೆಚ್ಚು ನಷ್ಟ ಕಂಡು ಈ ಸಲ ರಕ್ತ ಕಾಣಿಸಿಕೊಂಡವರಲ್ಲಿ 57ಕ್ಕೆ ಎದುರಾಗಿ 72 ಮಂದಿ ಹೆತ್ತರು. ಎಂದರೆ ಯಾರಿಗೆ, ಯಾವಾಗ ಎಂಬುದರ ಮೇಲೆ ಔಷಧದ ಬೆಲೆ ನಿಂತಿದೆ.

ಇಷ್ಟೆಲ್ಲ ಪರೀಕ್ಷಿಸಿದರೂ ಅರ್ಧದಷ್ಟು ದಂಪತಿಗಳಲ್ಲಿ ಕಾರಣ ಕಾಣುವುದಿಲ್ಲ. ಇದನ್ನು ಸೋಲೆಂದು ತಿಳಿಯಬಾರದು. ಆ ಮನೆಯ ದಾಳ ನೆಟ್ಟಗಿರುವ ಸಂಭವ ಹೆಚ್ಚೆಂದು ತಿಳಿಯಬೇಕು.

ಶಬ್ದದಿಂದ ನೋಡುವುದು

ಎಲ್ಲ ಆಸ್ಪತ್ರೆಗಳಿಗೂ ಸಾಮಾನ್ಯವಾದ ಉಪಕರಣ ಸ್ಕ್ಯಾನಿಂಗ್ ಯಂತ್ರ. ಲೋಹದೊಳಗಿನ ಬಿರುಕನ್ನು ಪತ್ತೆ ಹಚ್ಚುವ ಸಾಧನದಿಂದ ಗ್ಲಾಸ್ಗೋ ನಗರದ ಇಯಾನ್ ಡೊನಾಲ್ಡ್ ಇದನ್ನು ಹೆರಿಗೆಯ ವೈದ್ಯಕ್ಕೆ ತಂದುದು 1958ರ ಸುಮಾರಿಗೆ. ದೇಹದಲ್ಲಿ ಶಬ್ದದ ವೇಗ ಸೆಕೆಂಡಿಗೆ 1,540 ಮೀಟರು. ಯಂತ್ರದ ಕಂಪನಸಂಖ್ಯೆ ಸೆಕೆಂಡಿಗೆ 50 ಲಕ್ಷವೆಂದಿಟ್ಟುಕೊಂಡರೆ, ವೇಗವನ್ನು ಕಂಪನಸಂಖ್ಯೆಯಿಂದ ಭಾಗಿಸಿದಾಗ ಅಲೆಯ ಉದ್ದ 0.3 ಮಿಲಿಮೀಟರು ಎಂದು ಬರುತ್ತದೆ. ಅಲೆಯ ಉದ್ದಕ್ಕಿಂತ ಸೂಕ್ಷ್ಮವಾದುದನ್ನು ಅಲೆ ತೋರಿಸಲಾರದು. ಯಂತ್ರ ಬಿಡುವ ಪ್ರತಿಯೊಂದು ಮಿಡಿತದಲ್ಲಿ ಕೆಲವು ಅಲೆಗಳಿರುವುದರಿಂದಲೂ, ಅಳೆಯುವವರ ಕೈಯ ಭೇದದಿಂದಲೂ ಒಂದು ಮಿಲಿಮೀಟರಿನಷ್ಟು ಹೆಚ್ಚುಕಡಿಮೆಯಾಗುವುದು ಸಹಜ.

ಆರು ವಾರಗಳ ಭ್ರೂಣದ ಉದ್ದವೇ ಕೆಲವು ಮಿಲಿಮೀಟರು. ಹಿಂದೆ 5 ಮಿಲಿಮೀಟರು ಉದ್ದವಿದ್ದೂ ಹೃದಯದ ಮಿಡಿತ ಕಾಣದಿದ್ದರೆ ಬಸಿರು ಮುಗಿಯಿತೆನ್ನುತ್ತಿದ್ದರು. ತಪ್ಪು ನಿರ್ಣಯದ ಅಪಾಯವನ್ನು ಮನಗಂಡು ಈಗ ಆ ಮಿತಿಯನ್ನು 7 ಮಿಲಿಮೀಟರಿಗೆ ಏರಿಸಿದ್ದಾರೆ. ಭ್ರೂಣವಿಲ್ಲದ ಬರಿಯ ಚೀಲವಾದರೆ 25 ಮಿಲಿಮೀಟರು. ಇದಕ್ಕಿಂತ ಕಡಿಮೆಯಿದ್ದರೆ ಒಂದು ವಾರವಾದರೂ ಕಾದು ಮತ್ತೆ ನೋಡಬೇಕು. ತಾಲ್ಲೂಕು ಆಸ್ಪತ್ರೆಯಾಗಲಿ, ನಗರದ ಅಮೃತಶಿಲೆಯ ಆಸ್ಪತ್ರೆಯಾಗಲಿ, ಶಬ್ದದ ವೇಗ ಒಂದೇ. "ಇನ್ನೊಂದು ವಾರ ಬಿಟ್ಟು ನೋಡೋಣ" ಎಂದು ಹೇಳುವ ತಾಳ್ಮೆ ಎಲ್ಲಿದೆಯೋ ಅಲ್ಲಿ ಒಳ್ಳೆಯ ಅಳತೆಯಿದೆ.

ಹಾಗಾದರೆ ಎಲ್ಲಿಗೆ ಹೋಗಬೇಕು?

ಸರಕಾರಿ ವ್ಯವಸ್ಥೆ ಮೆಟ್ಟಲುಮೆಟ್ಟಲಾಗಿದೆ: ಊರಿನ ಆಶಾ ಕಾರ್ಯಕರ್ತೆ, ಪ್ರಾಥಮಿಕ ಆರೋಗ್ಯ ಕೇಂದ್ರ, ಸೇಡಂನ ತಾಲ್ಲೂಕು ಆಸ್ಪತ್ರೆ, ಕಲಬುರಗಿಯ ಸರಕಾರಿ ವೈದ್ಯ ಕಾಲೇಜಿನ ಆಸ್ಪತ್ರೆ. 2011ರ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಂತೆ ಬಸುರಿಯರಿಗೆ ಸರಕಾರಿ ಆಸ್ಪತ್ರೆಯಲ್ಲಿ ಔಷಧ, ಪರೀಕ್ಷೆ, ವಾಹನ ಎಲ್ಲವೂ ಉಚಿತ. ಪರೀಕ್ಷೆ ಹೆಚ್ಚು ಬರೆದರೆ ಅಲ್ಲಿ ಯಾರಿಗೂ ಲಾಭವಿಲ್ಲ. ವೈದ್ಯ ಕಾಲೇಜಿನಲ್ಲಿ ಸ್ತ್ರೀರೋಗ, ರಕ್ತ, ಹಾರ್ಮೋನು ಮುಂತಾದ ವಿಭಾಗಗಳ ಅಧ್ಯಾಪಕರು ಒಂದೇ ಆವರಣದಲ್ಲಿರುತ್ತಾರೆ. ಕೊರತೆಯೆಂದರೆ ನೂಕುನುಗ್ಗಲು, ಪ್ರತಿಸಲವೂ ಬೇರೆ ವೈದ್ಯರು, ಮಾತಾಡಲು ಸಮಯವಿಲ್ಲದಿರುವುದು. ತುಂಬುಬಸುರಿಯರ ಸಾಲಿನಲ್ಲಿಯೇ, ಈಗಷ್ಟೆ ಬಸಿರು ಕಳೆದುಕೊಂಡವಳೂ ಕುಳಿತಿರಬೇಕಾಗುತ್ತದೆ.

ಖಾಸಗಿ ಆಸ್ಪತ್ರೆಯಲ್ಲಿ ಒಬ್ಬರೇ ವೈದ್ಯರು ಮೊದಲಿನಿಂದ ಕೊನೆಯವರೆಗೆ ನೋಡುತ್ತಾರೆ. ಫಲಿತಾಂಶ ಬೇಗ ಬರುತ್ತದೆ. ಪ್ರಶ್ನೆ ಕೇಳಲು ಅವಕಾಶವುಂಟು. ಆದರೆ ಪ್ರತಿಯೊಂದು ಪರೀಕ್ಷೆಗೂ ಬೆಲೆಯಿದೆ. ಏನಾದರೂ ಮಾಡಬೇಕೆಂಬ ಮನೆಯವರ ಆತುರವೂ, ಏನನ್ನಾದರೂ ಕೊಡುವ ಆಸ್ಪತ್ರೆಯ ಒಲವೂ ಕೂಡಿದಾಗ ಪಟ್ಟಿ ಬೆಳೆಯುತ್ತದೆ. ಖಾಸಗಿಯೆಂಬುದೂ ಒಂದೇ ಬಗೆಯಲ್ಲ. ಕಲಬುರಗಿಯಲ್ಲಿ 1963ರಲ್ಲಿ ಆರಂಭವಾದ ಮಹಾದೇವಪ್ಪ ರಾಮಪುರೆ ವೈದ್ಯ ಕಾಲೇಜಿನ ಬಸವೇಶ್ವರ ಆಸ್ಪತ್ರೆಯಂಥ ಬೋಧನಾಸ್ಪತ್ರೆಗಳು ಈ ಎರಡರ ನಡುವೆ ನಿಲ್ಲುತ್ತವೆ.

ಮೂರನೆಯದೊಂದು ದಾರಿಯನ್ನು ಈ ಭಾಗದ ಅನೇಕರು ಮರೆಯುತ್ತಾರೆ. ವಾಡಿ, ಸೇಡಂ, ಮಳಖೇಡ, ಚಿತ್ತಾಪುರಗಳ ಸಿಮೆಂಟು ಕಾರ್ಖಾನೆಗಳಲ್ಲಿ ಗೊತ್ತಾದ ಸಂಬಳದ ಮಿತಿಯೊಳಗೆ ದುಡಿಯುವವರು ನೌಕರರ ರಾಜ್ಯ ವಿಮೆಗೆ ಒಳಪಡುತ್ತಾರೆ. ಕಲಬುರಗಿಯ ಸೇಡಂ ರಸ್ತೆಯಲ್ಲಿಯೇ ಆ ನಿಗಮದ ವೈದ್ಯ ಕಾಲೇಜು ಮತ್ತು ಆಸ್ಪತ್ರೆ ಇದೆ. ವಿಮೆ ಪಡೆದವನ ಹೆಂಡತಿಗೂ ಅಲ್ಲಿ ಚಿಕಿತ್ಸೆಯ ಹಕ್ಕುಂಟು. ದುಡಿಯುವ ಹೆಣ್ಣಿಗೆ ಗರ್ಭಸ್ರಾವವಾದರೆ ಆರು ವಾರಗಳ ಸಂಬಳಸಹಿತ ರಜೆಯನ್ನು 1961ರ ಹೆರಿಗೆ ಸೌಲಭ್ಯ ಕಾಯಿದೆ ಕೊಟ್ಟಿತು. ಆ ಹಕ್ಕು ಇಂದಿಗೂ ಉಳಿದಿದೆ.

ಆದುದರಿಂದ 'ಇದೋ ಅದೋ' ಎಂದು ಒಂದನ್ನೇ ಹಿಡಿಯಬೇಕಾಗಿಲ್ಲ. ಕೆಲಸವನ್ನು ಹಂಚಬಹುದು. ಸಕ್ಕರೆ, ಥೈರಾಯ್ಡ್, ರಕ್ತದ ಗುಂಪು, ಸ್ಕ್ಯಾನಿಂಗ್ ಇವನ್ನು ಸರಕಾರಿ ಆಸ್ಪತ್ರೆಯಲ್ಲಿ ಮಾಡಿಸುವುದು. ಪ್ರತಿಕಾಯ, ವರ್ಣತಂತುಗಳ ಪರೀಕ್ಷೆ ಅಲ್ಲಿ ಇಲ್ಲದಿದ್ದರೆ ಅದೊಂದಕ್ಕೆ ಮಾತ್ರ ಖಾಸಗಿ ಪ್ರಯೋಗಶಾಲೆಗೆ ಹಣ ಕೊಡುವುದು. ಹೆಪರಿನ್ ಬೇಕೆಂದು ನಿರ್ಣಯವಾದರೆ ಸರಕಾರಿ ಔಷಧಾಲಯದಲ್ಲಿಯೂ ಜನೌಷಧಿ ಕೇಂದ್ರದಲ್ಲಿಯೂ ಮೊದಲು ವಿಚಾರಿಸುವುದು. ಎಲ್ಲ ಕಾಗದಗಳನ್ನೂ ದಿನಾಂಕವಾರು ಒಂದೇ ಕಡತದಲ್ಲಿಟ್ಟರೆ ವೈದ್ಯರು ಬದಲಾದರೂ ವೃತ್ತಾಂತ ಬದಲಾಗದು.

ಎಲ್ಲಿಗೆ ಹೋದರೂ ಈ ಐದು ಪ್ರಶ್ನೆಗಳನ್ನು ವಿನಯದಿಂದ ಕೇಳಬೇಕು:

1. ಈ ಪರೀಕ್ಷೆಯ ಫಲ 'ಇದೆ' ಎಂದು ಬಂದರೆ ಏನು ಮಾಡುವಿರಿ, 'ಇಲ್ಲ' ಎಂದು ಬಂದರೆ ಏನು? ಎರಡಕ್ಕೂ ಉತ್ತರ ಒಂದೇ ಆದರೆ ಪರೀಕ್ಷೆ ಅನಾವಶ್ಯಕ.
2. ಈ ಮದ್ದನ್ನು ಪಡೆಯದವರ ಜೊತೆ ಹೋಲಿಸಿ ನೋಡಿದ್ದಾರೆಯೆ?
3. ಈ ಫಲವನ್ನು ಇನ್ನೊಮ್ಮೆ ಅಳೆದು ಖಚಿತಪಡಿಸಬೇಕೆ?
4. ಒಟ್ಟು ವೆಚ್ಚವೆಷ್ಟು? ಕರ್ನಾಟಕದ ಖಾಸಗಿ ವೈದ್ಯಕೀಯ ಸಂಸ್ಥೆಗಳ 2007ರ ಕಾಯಿದೆಯಂತೆ ದರಗಳನ್ನು ಕಾಣುವಂತೆ ಪ್ರಕಟಿಸುವುದು ಆಸ್ಪತ್ರೆಯ ಕರ್ತವ್ಯ.
5. ನಡುರಾತ್ರಿ ರಕ್ತ ಕಾಣಿಸಿಕೊಂಡರೆ ಯಾರನ್ನು, ಎಲ್ಲಿ ಕಾಣಬೇಕು?

ಕೊನೆಯ ಪ್ರಶ್ನೆ ಬಹಳ ಮುಖ್ಯ. ವಿಪರೀತ ರಕ್ತಸ್ರಾವ, ಹೊಟ್ಟೆಯ ಒಂದೇ ಬದಿಯಲ್ಲಿ ತೀವ್ರವಾದ ನೋವು, ತಲೆಸುತ್ತಿ ಬೀಳುವುದು, ಜ್ವರ, ಇವುಗಳಲ್ಲಿ ಯಾವುದಾದರೂ ಕಂಡರೆ ಸರಕಾರಿಯೋ ಖಾಸಗಿಯೋ ಎಂದು ಆರಿಸುತ್ತ ಕೂರಬಾರದು. 108ಕ್ಕೆ ಕರೆಮಾಡಿ ಹತ್ತಿರದ ಆಸ್ಪತ್ರೆಗೆ ಹೋಗಬೇಕು. ಒಳಗೇ ರಕ್ತ ಸೋರುತ್ತಿರುವಾಗ ಕಲಬುರಗಿಯವರೆಗಿನ ದಾರಿಯೂ ದೂರವೇ.

ಆದರದ ಆರೈಕೆ

1984ರಲ್ಲಿ ನಾರ್ವೆಯ ಸ್ಟ್ರೇ-ಪೆಡರ್ಸನ್ ದಂಪತಿಗಳು ಒಂದು ಕುತೂಹಲಕರವಾದ ಲೆಕ್ಕವನ್ನು ಪ್ರಕಟಿಸಿದರು. ಕಾರಣ ತಿಳಿಯದವರಲ್ಲಿ, ವಾರವಾರವೂ ಕರೆದು ಪರೀಕ್ಷಿಸಿ, ಧೈರ್ಯ ಹೇಳಿ, ವಿಶ್ರಾಂತಿ ಕೊಟ್ಟವರಲ್ಲಿ ನೂರಕ್ಕೆ 86, ಹಾಗೆ ಆರೈಕೆ ಪಡೆಯದವರಲ್ಲಿ 33 ಮಂದಿ ಹೆತ್ತರು. ಆದರೆ ಇಲ್ಲಿ ಚೀಟಿ ಎತ್ತಿ ಗುಂಪುಗಳನ್ನು ಮಾಡಿರಲಿಲ್ಲ. ಗುಂಪುಗಳು ಮೊದಲೆ ಬೇರೆಯಾಗಿದ್ದಿರಬಹುದು. ಡೈಈಥೈಲ್‌ಸ್ಟಿಲ್ಬೆಸ್ಟ್ರಾಲಿಗೆ ಹಿಡಿದ ಅಳತೆಗೋಲನ್ನು ಆದರಕ್ಕೂ ಹಿಡಿಯಬೇಕಷ್ಟೆ. ಆದುದರಿಂದ ಇದು ಸಿದ್ಧಪ್ರಮಾಣವಲ್ಲ. ಆದರೂ ಈ ಆರೈಕೆಯಿಂದ ಕೇಡಿಲ್ಲ, ಅದು ಭಯವನ್ನು ತಗ್ಗಿಸುತ್ತದೆ. ಇದಕ್ಕಾಗಿ ಎರಡು ಎಕರೆ ಮಾರಬೇಕಾಗಿಲ್ಲ. ಆರು ಏಳನೆಯ ವಾರದಲ್ಲಿ ಒಂದು ಸ್ಕ್ಯಾನಿಂಗ್, ಪರಿಚಯದ ಒಬ್ಬ ವೈದ್ಯೆ ಅಥವಾ ದಾದಿ, ಜೊತೆಗೆ ಬರುವ ಗಂಡ, ಹಂಗಿಸದ ಅತ್ತೆ, ಇವಿಷ್ಟನ್ನು ಕುರಕುಂಟಾದಲ್ಲಿಯೂ ಒದಗಿಸಬಹುದು.

ಈ ವಿಷಯವನ್ನು ಬರೆಯಲು ಲೇಖಕನಿಗೆ ಬೇರೊಂದು ಕಾರಣವೂ ಉಂಟು. ನಮ್ಮ ಮನೆಯಲ್ಲಿಯೂ ಮೂರು ಸಲ ಹೀಗಾಯಿತು. ಒಂದು ದೊಡ್ಡ ನಗರದ ಖಾಸಗಿ ಆಸ್ಪತ್ರೆಯಲ್ಲಿ ಮೊದಲ ಭೇಟಿಯಲ್ಲಿಯೇ ಹದಿನಾಲ್ಕು ಪರೀಕ್ಷೆಗಳ ಚೀಟಿ ಕೊಟ್ಟರು. ನಾನು ಮೇಲಿನ ಮೊದಲ ಪ್ರಶ್ನೆಯನ್ನು ಕೇಳಿದಾಗ ಒಂಬತ್ತನ್ನು ಅವರೇ ಹೊಡೆದುಹಾಕಿದರು. ಒಂದು ಸರಕಾರಿ ಆಸ್ಪತ್ರೆಯಲ್ಲಿ ನಮ್ಮ ಹಳೆಯ ಕಾಗದಗಳು ಕಳೆದುಹೋದುವು. ಆದರೆ "ಇನ್ನೊಂದು ವಾರ ಬಿಟ್ಟು ಬನ್ನಿ, ಈಗಲೇ ಏನನ್ನೂ ಹೇಳಬಾರದು" ಎಂದು ನನ್ನ ಹೆಂಡತಿಯ ಕೈಹಿಡಿದು ಹೇಳಿದ ವೈದ್ಯೆಯನ್ನು ಕಂಡುದೂ ಅಲ್ಲಿಯೇ. ನಾಲ್ಕನೆಯ ಸಲ ಏನಾಯಿತೆಂದು ವಾಚಕರು ಕೇಳಬಹುದು. ಮಗುವಾಯಿತೆಂದರೆ ನಾವು ಹಿಡಿದ ದಾರಿಯೇ ಸರಿಯೆಂದೂ, ಆಗಲಿಲ್ಲವೆಂದರೆ ತಪ್ಪೆಂದೂ ತೋರೀತು. ಒಂದು ಮನೆಯ ಒಂದು ಉರುಳಿಕೆಯಿಂದ ದಾಳದ ಗುಣ ತಿಳಿಯುವುದಿಲ್ಲ. ಆದುದರಿಂದ ಅದನ್ನು ಇಲ್ಲಿ ಬರೆಯುವುದಿಲ್ಲ.

ತರಗತಿಯಲ್ಲಿ ಮಾಡಿ ನೋಡಿ

ಅರುವತ್ತು ವಿದ್ಯಾರ್ಥಿಗಳ ತರಗತಿಯಲ್ಲಿ ಪ್ರತಿಯೊಬ್ಬರೂ ಒಂದೊಂದು ಸಲ ದಾಳವನ್ನು ಉರುಳಿಸಲಿ. ಸುಮಾರು ಹತ್ತು ಮಂದಿಗೆ 'ಒಂದು' ಬಿದ್ದೀತು. ಆ ಹತ್ತು ಮಂದಿಗೆ ಒಂದೊಂದು ಸೀಮೆಸುಣ್ಣದ ತುಂಡನ್ನು 'ಔಷಧ'ವೆಂದು ಕೈಯಲ್ಲಿ ಹಿಡಿಸಿ ಮತ್ತೆ ಉರುಳಿಸಲು ಹೇಳಿ. ಅವರಲ್ಲಿ ಎಂಟು ಮಂದಿಯ ಆಸುಪಾಸು 'ಗುಣ'ವಾಗುತ್ತಾರೆ. ಅನಂತರ, ಸೀಮೆಸುಣ್ಣದಲ್ಲಿ ಗುಣವಿದೆಯೇ ಇಲ್ಲವೇ ಎಂದು ನಿರ್ಣಯಿಸಲು ಆ ಹತ್ತು ಮಂದಿಯನ್ನು ಮೊದಲೆ ಹೇಗೆ ಎರಡು ಗುಂಪು ಮಾಡಬೇಕಾಗಿತ್ತೆಂಬುದನ್ನು ತರಗತಿಯಲ್ಲಿ ಚರ್ಚಿಸಿ, ಅಂತೆಯೇ ಮಾಡಿ ನೋಡಿ. ಮನೆಗೆ ಹೋದ ಮೇಲೆ ಹಿರಿಯರ ಎದುರಿನಲ್ಲಿಯೂ ಇದನ್ನು ಒಮ್ಮೆ ಮಾಡಿ ತೋರಿಸಬಹುದು.